ಮ್ಯಾಗಜಿನ್ ಕೆಲಸಕ್ಕೆ ಮಾದರಿ ಬರಹ ಕಳಿಸುವಾಗ ಯಾವುದನ್ನು ಆರಿಸಬೇಕು?

"ನಿಮ್ಮ ಎರಡು ಮೂರು ಮಾದರಿ ಬರಹಗಳನ್ನು ಲಗತ್ತಿಸಿ." ಫ್ರೀಲಾನ್ಸ್ ಬರಹಗಾರರು ಬೇಕು ಎಂದು ಮ್ಯಾಗಜಿನ್‌ಗಳು ಹಾಕುವ ಪ್ರಕಟಣೆಗಳಲ್ಲಿ ಈ ಸಾಲು ಇಲ್ಲದಿರುವುದು ಅಪರೂಪ. ಅರ್ಜಿ ಹಾಕುವವರು ಪರಿಚಯ ಪತ್ರವನ್ನು ತಿದ್ದಿ ತೀಡುವುದರಲ್ಲಿ ಅರ್ಧ ದಿನ ಕಳೆಯುತ್ತಾರೆ. ಬರಹ ಆರಿಸುವ ಹೊತ್ತಿಗೆ ಕೈಗೆ ಸಿಕ್ಕಿದ್ದನ್ನೋ, ಹಿಂದೆ ಯಾರೋ ಹೊಗಳಿದ್ದನ್ನೋ ಸೇರಿಸಿ ಕಳಿಸಿಬಿಡುತ್ತಾರೆ. ಪತ್ರವನ್ನು ಓದುವ ಸಂಪಾದಕರಾದರೋ ಅದರ ಮೇಲೆ ಕಣ್ಣಾಡಿಸಿ ನೇರವಾಗಿ ಬರಹಕ್ಕೇ ಹೋಗುತ್ತಾರೆ. ತೀರ್ಮಾನ ಆಗುವುದು ಅಲ್ಲಿ.

ಸಂಪಾದಕರ ತಲೆಯಲ್ಲಿ ಆಗ ಓಡುತ್ತಿರುವ ಪ್ರಶ್ನೆ ಬಹಳ ಸರಳವಾದದ್ದು: ಮುಂದಿನ ಸಂಚಿಕೆಗೆ ಇವರಿಂದ ಒಂದು ಲೇಖನ ಬರೆಸಿದರೆ, ಬರುವ ಕಾಪಿ (ಅವರು ಬರೆದು ಕಳಿಸುವ ಪ್ರತಿ) ಹೆಚ್ಚು ರಿಪೇರಿ ಇಲ್ಲದೆ ನಮ್ಮ ಪುಟಕ್ಕೆ ಹೋಗುತ್ತದೆಯೇ? ನಿಮ್ಮ ಮಾದರಿ ಈ ಪ್ರಶ್ನೆಗೆ "ಹೋಗುತ್ತದೆ" ಎಂದು ಉತ್ತರಿಸಬೇಕು. ಹಾಗಾಗಿ ನೀವು ಬರೆದದ್ದರಲ್ಲಿ ನಿಮಗೆ ಅತ್ಯಂತ ಪ್ರಿಯವಾದ ಬರಹಕ್ಕಿಂತ, ಆ ಮ್ಯಾಗಜಿನ್ ಕೊಡಲಿರುವ ಕೆಲಸಕ್ಕೆ ಅತ್ಯಂತ ಹತ್ತಿರವಾದ ಬರಹಕ್ಕೆ ಬೆಲೆ ಹೆಚ್ಚು. ಮುಂದೆ ಹೇಳುವುದೆಲ್ಲ ಈ ಒಂದು ಮಾತನ್ನು ನೆಚ್ಚಿಕೊಂಡದ್ದು.

ಮೊದಲು ಪ್ರಕಟಣೆ, ಆಮೇಲೆ ಸಂಚಿಕೆ

ಪ್ರಕಟಣೆಯನ್ನು ಪೆನ್ನು ಹಿಡಿದು ಓದಿ. ಎಷ್ಟು ಬರಹ ಕೇಳಿದ್ದಾರೆ, ಪದಮಿತಿ ಇದೆಯೇ, ಪ್ರಕಟವಾದದ್ದೇ ಆಗಬೇಕೇ, ಲಿಂಕ್ ಸಾಕೇ ಅಥವಾ ಫೈಲ್ ಬೇಕೇ ಎಂಬುದನ್ನು ಗುರುತು ಮಾಡಿಕೊಳ್ಳಿ. ಎರಡು ಕೇಳಿದ್ದರೆ ಎರಡನ್ನೇ ಕಳಿಸಿ. "ಇನ್ನೂ ಒಂದು ಇರಲಿ" ಎಂದು ಐದನ್ನು ಕಳಿಸಿದರೆ ಉತ್ಸಾಹವೆಂದು ಯಾರೂ ತಿಳಿಯುವುದಿಲ್ಲ. ಹೇಳಿದಷ್ಟನ್ನು ಕೇಳದವರು ಮುಂದೆ ಪದಮಿತಿಯನ್ನೂ ಡೆಡ್‌ಲೈನನ್ನೂ ಕೇಳಲಿಕ್ಕಿಲ್ಲ ಎಂಬ ಅನುಮಾನ ಹುಟ್ಟುತ್ತದೆ. ಸಂಖ್ಯೆ ಹೇಳದೆ ಇದ್ದರೆ ಮೂರು ಸಾಕು.

ಆಮೇಲೆ ಆ ಮ್ಯಾಗಜಿನ್‌ನ ಇತ್ತೀಚಿನ ಎರಡು ಮೂರು ಸಂಚಿಕೆಗಳನ್ನು ಎದುರಿಗಿಟ್ಟುಕೊಳ್ಳಿ. ಇಲ್ಲಿ ತುಂಬ ಜನ ಬಿಟ್ಟುಬಿಡುವ ಒಂದು ಕೆಲಸವಿದೆ. ಸಂಪಾದಕೀಯ ಬಳಗದ ಹೆಸರುಗಳು ಅಚ್ಚಾಗಿರುವ ಪಟ್ಟಿಯನ್ನು ತೆಗೆದು, ಪ್ರತಿ ಲೇಖನದ ಬೈಲೈನ್ (ಬರೆದವರ ಹೆಸರಿರುವ ಸಾಲು) ಜತೆ ಹೋಲಿಸಿ ನೋಡಿ. ಪಟ್ಟಿಯಲ್ಲಿ ಇಲ್ಲದ ಹೆಸರುಗಳು ಸಾಮಾನ್ಯವಾಗಿ ಹೊರಗಿನ ಬರಹಗಾರರದ್ದು. ಆ ಹೆಸರುಗಳು ಯಾವ ಪುಟಗಳಲ್ಲಿ ಕಾಣುತ್ತವೆ? ಮೊದಲ ಪುಟಗಳ ಚುಟುಕು ಸುದ್ದಿಗಳನ್ನು ಡೆಸ್ಕಿನವರೇ (ಕಚೇರಿಯ ಸಂಪಾದಕೀಯ ಸಿಬ್ಬಂದಿ) ಬರೆಯುವುದು, ಕೊನೆಯ ಪುಟದ ಅಂಕಣ ಒಬ್ಬರಿಗೇ ಮೀಸಲಾಗಿರುವುದು ಹಲವು ಕಡೆ ಇರುವ ಪದ್ಧತಿ. ಹೊರಗಿನವರಿಗೆ ಸಿಗುವುದು ನಡುವಿನ ನುಡಿಚಿತ್ರಗಳೋ, ವ್ಯಕ್ತಿಚಿತ್ರಗಳೋ, ಹೇಗೆ ಮಾಡುವುದು ಎಂದು ತಿಳಿಸುವ ಲೇಖನಗಳೋ ಆಗಿರಬಹುದು. ಅವರು ಬರಹಗಾರರನ್ನು ಹುಡುಕುತ್ತಿರುವುದು ಆ ಪುಟಗಳಿಗಾಗಿ. ನಿಮ್ಮ ಮಾದರಿಯೂ ಆ ಪುಟಗಳ ಪೈಕಿಯದ್ದಾಗಿರಬೇಕು.

ಅಂಥ ಎರಡು ಲೇಖನಗಳನ್ನು ಆರಿಸಿ ಬಿಚ್ಚಿ ನೋಡಿ. ಸುಮಾರು ಎಷ್ಟು ಪದ? ಎಷ್ಟು ಜನರನ್ನು ಮಾತನಾಡಿಸಿದ್ದಾರೆ? 'ನಾನು' ಎಂಬ ಪದಕ್ಕೆ ಜಾಗ ಇದೆಯೇ? ಆರಂಭ ಘಟನೆಯಿಂದಲೋ, ಪ್ರಶ್ನೆಯಿಂದಲೋ, ನೇರ ಮಾಹಿತಿಯಿಂದಲೋ? ಅಂಕಿ-ಅಂಶಗಳು ಲೇಖನದ ಒಳಗೇ ಬರುತ್ತವೆಯೇ, ಪಕ್ಕದ ಬಾಕ್ಸಿಗೆ ಹೋಗುತ್ತವೆಯೇ? ಅರ್ಧ ಗಂಟೆಯ ಕೆಲಸ. ಆದರೆ ಇದಾದ ಮೇಲೆ ನಿಮ್ಮ ಬರಹಗಳನ್ನು ನೀವು ನೋಡುವ ಕಣ್ಣೇ ಬೇರೆಯಾಗಿರುತ್ತದೆ.

ನಿಮ್ಮಲ್ಲಿ ಇರುವುದನ್ನೆಲ್ಲ ಪಟ್ಟಿ ಮಾಡಿ

ನೆನಪಿನಿಂದ ಆರಿಸಬೇಡಿ. ನೆನಪಿಗೆ ಬರುವುದು ಹೊಗಳಿಕೆ ಸಿಕ್ಕ ಬರಹಗಳು ಮಾತ್ರ. ಪ್ರಕಟವಾದದ್ದು, ಆಗದೆ ಉಳಿದದ್ದು, ಬ್ಲಾಗಿನಲ್ಲಿ ಹಾಕಿದ್ದು, ಸಂಸ್ಥೆಯೊಂದರ ಆಂತರಿಕ ಪತ್ರಿಕೆಗೆ ಬರೆದದ್ದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರಿಗೆ ವರ್ಷ, ಪದಸಂಖ್ಯೆ, ಯಾವ ಬಗೆಯ ಬರಹ, ಬೇರೆಯವರ ಜತೆ ಮಾತನಾಡಿ ಬರೆದದ್ದೇ ಅಥವಾ ಕೂತಲ್ಲೇ ಬರೆದದ್ದೇ ಎಂಬ ವಿವರ ಇರಲಿ. ಕೊನೆಯ ವಿವರ ಮುಖ್ಯ. ಮ್ಯಾಗಜಿನ್‌ಗಳು ಹೊರಗಿನವರಿಗೆ ದುಡ್ಡು ಕೊಟ್ಟು ಬರೆಸುವ ಕೆಲಸದಲ್ಲಿ ಬಹುಪಾಲು ಓಡಾಡಿ, ಕೇಳಿ, ಪರಿಶೀಲಿಸಿ ಬರೆಯುವಂಥದ್ದು.

ಒಂದು ಉದಾಹರಣೆ ಹಿಡಿದು ಆರಿಸೋಣ

ಸಾಮಾನ್ಯ ಓದುಗರಿಗಾಗಿ ಇರುವ ಒಂದು ಆರೋಗ್ಯ ಮಾಸಪತ್ರಿಕೆ ಬರಹಗಾರರನ್ನು ಕರೆದಿದೆ ಎಂದಿಟ್ಟುಕೊಳ್ಳಿ. ಎರಡು ಅಥವಾ ಮೂರು ಮಾದರಿ ಕೇಳಿದ್ದಾರೆ. ಸಂಚಿಕೆ ತಿರುವಿ ಹಾಕಿದಾಗ ತಿಳಿದದ್ದು: ಹೊರಗಿನವರ ಲೇಖನಗಳು 1,000ದಿಂದ 1,500 ಪದ, ಪ್ರತಿಯೊಂದರಲ್ಲೂ ಕನಿಷ್ಠ ಇಬ್ಬರು ತಜ್ಞರ ಅಥವಾ ರೋಗಿಗಳ ಮಾತು, ಭಾಷೆ ಸರಳ.

ಅರ್ಜಿ ಹಾಕುವವರ ಪಟ್ಟಿಯಲ್ಲಿ ಇರುವುದು ಇಷ್ಟು. ಓದುಗರಿಂದ ಬಹಳ ಮೆಚ್ಚುಗೆ ಪಡೆದ 3,200 ಪದಗಳ ಪ್ರವಾಸ ಕಥನ. ಬಹುಮಾನ ಬಂದ ಸಣ್ಣಕಥೆ. ಸಣ್ಣ ಪ್ರಸಾರದ ಪತ್ರಿಕೆಯೊಂದರಲ್ಲಿ ಬಂದ, ಶ್ರವಣ ಸಾಧನ ಬಳಸಲು ಶುರು ಮಾಡಿದವರ ಕುರಿತ 1,100 ಪದಗಳ ವರದಿ. ವೈದ್ಯರೊಬ್ಬರ ಜತೆ ಪ್ರಶ್ನೋತ್ತರ ರೂಪದ ಸಂದರ್ಶನ. ಅಮ್ಮನ ಮಂಡಿ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಹೇಗೆ ನೋಡಿಕೊಂಡರು ಎಂಬ ಬ್ಲಾಗ್ ಬರಹ. ದೈನಿಕದಲ್ಲಿ ಬಂದ ಒಂದಷ್ಟು ಅಭಿಪ್ರಾಯ ಲೇಖನ.

ಮನಸ್ಸು ಮೊದಲು ಹೋಗುವುದು ಪ್ರವಾಸ ಕಥನದ ಕಡೆಗೆ. ಅದರಲ್ಲಿ ನಿಮ್ಮ ಗದ್ಯ ಮಿಂಚುತ್ತಿರಬಹುದು. ಆದರೆ ಸಕ್ಕರೆ ಕಾಯಿಲೆಯ ಬಗ್ಗೆ ತಪ್ಪಿಲ್ಲದೆ 1,200 ಪದ ಬರೆಯಬಲ್ಲಿರಾ ಎಂಬುದನ್ನು ಅದು ಹೇಳುವುದಿಲ್ಲ. ಕಥೆಯ ವಿಷಯವೂ ಅಷ್ಟೇ. ಬಹುಮಾನವನ್ನು ಪರಿಚಯ ಪತ್ರದಲ್ಲಿ ಒಂದು ಸಾಲಿನಲ್ಲಿ ಹೇಳಿದರೆ ಸಾಕು.

ಮೊದಲ ಸ್ಥಾನ ಶ್ರವಣ ಸಾಧನದ ವರದಿಗೆ. ಪ್ರಕಟವಾದ ಪತ್ರಿಕೆ ಚಿಕ್ಕದು ಎಂಬ ಸಂಕೋಚ ಬೇಡ. ಉದ್ದ ಸರಿಯಾಗಿದೆ, ಒಬ್ಬ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಮತ್ತು ಇಬ್ಬರು ಬಳಕೆದಾರರ ಮಾತಿದೆ, ಓದಿದವರಿಗೆ ಉಪಯೋಗವಾಗುತ್ತದೆ. ದೊಡ್ಡ ಹೆಸರಿನ ಪತ್ರಿಕೆಯಲ್ಲಿ ಬಂದ ಸಾಧಾರಣ ಬರಹಕ್ಕಿಂತ ಸಣ್ಣ ಪತ್ರಿಕೆಯ ಗಟ್ಟಿ ಬರಹ ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಎರಡನೆಯದು ಬ್ಲಾಗ್ ಬರಹ. ಇದನ್ನು ಕೇಳಿ ಹಲವರು ಹುಬ್ಬೇರಿಸಬಹುದು. ಆದರೆ ಮಂಡಿ ಆರೈಕೆಯ ಬರಹದಲ್ಲಿ ಕಮೋಡಿನ ಎತ್ತರ, ಔಷಧಿಯ ವೇಳೆ, ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ, ರಾತ್ರಿಯ ನೋವು ಇವೆಲ್ಲ ಕ್ರಮವಾಗಿ ಬಂದಿದ್ದರೆ, ಮ್ಯಾಗಜಿನ್ ಅಂಥ ಅನುಭವದ ಬರಹಗಳನ್ನೂ ಹಾಕುತ್ತಿದ್ದರೆ, ಅದು ಅಲ್ಲಿ ಸಲ್ಲುವ ಬರಹ. ಪ್ರಕಟವಾದದ್ದೇ ಬೇಕು ಎಂದು ಷರತ್ತು ಇದ್ದರೆ ಮಾತ್ರ ಕೈಬಿಡಿ.

ಸಂದರ್ಶನದ ಬಗ್ಗೆ ಸ್ವಲ್ಪ ಯೋಚಿಸಬೇಕು. ಪ್ರಶ್ನೋತ್ತರದಲ್ಲಿ ಓದುಗರ ಕಣ್ಣಿಗೆ ಬೀಳುವ ಮಾತುಗಳಲ್ಲಿ ಹೆಚ್ಚಿನವು ವೈದ್ಯರವು. ನಿಮ್ಮ ಪ್ರಶ್ನೆ ಕೇಳುವ ಜಾಣ್ಮೆ ಕಾಣುತ್ತದೆ, ಲೇಖನ ಕಟ್ಟುವ ಶಕ್ತಿ ಅಷ್ಟಾಗಿ ಕಾಣುವುದಿಲ್ಲ. ಮ್ಯಾಗಜಿನ್‌ನಲ್ಲಿ ಸಂದರ್ಶನಗಳು ನಿಯಮಿತವಾಗಿ ಬರುತ್ತಿದ್ದರೆ ಮೂರನೆಯದಾಗಿ ಸೇರಿಸಿ. ಇಲ್ಲದಿದ್ದರೆ ಎರಡಕ್ಕೇ ನಿಲ್ಲಿಸಿ. ಮೂರನೆಯದು ದುರ್ಬಲವಾಗಿದ್ದರೆ ಮೊದಲೆರಡರ ಬಗ್ಗೆ ಮೂಡಿದ ಒಳ್ಳೆಯ ಅಭಿಪ್ರಾಯವೂ ಇಳಿಯುತ್ತದೆ.

ಅಭಿಪ್ರಾಯ ಲೇಖನಗಳನ್ನು ಇಲ್ಲಿ ಮುಟ್ಟಬೇಡಿ. ಅದೇ ಒಂದು ವಿಚಾರ ಪತ್ರಿಕೆ ಅಂಕಣಕಾರರನ್ನು ಕರೆದಿದ್ದರೆ ಈ ಕ್ರಮವೆಲ್ಲ ತಲೆಕೆಳಗಾಗುತ್ತಿತ್ತು: ಅಭಿಪ್ರಾಯ ಲೇಖನ ಮುಂದೆ, ವರದಿ ಹಿಂದೆ. ಪ್ರವಾಸ ಮ್ಯಾಗಜಿನ್ ಆಗಿದ್ದರೆ ಕಥನಕ್ಕೇ ಪಟ್ಟ. ಎಲ್ಲ ಅರ್ಜಿಗಳಿಗೂ ಒಂದೇ ಕಟ್ಟು ಕಳಿಸುವ ಅಭ್ಯಾಸವನ್ನು ಬಿಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮೊದಲ ಎರಡು ಪ್ಯಾರಾ

ಮಾದರಿಯನ್ನು ಕೊನೆಯವರೆಗೂ ಓದುತ್ತಾರೆ ಎಂದು ನಂಬಿ ಕೂರಬೇಡಿ. ಅರ್ಜಿಗಳ ರಾಶಿಯ ಎದುರು ಕುಳಿತವರು ಆರಂಭವನ್ನು ಓದಿ, ಹಿಡಿಸಿದರೆ ಮುಂದುವರಿಯುತ್ತಾರೆ. ಇಬ್ಬರು ಅರ್ಜಿದಾರರು ಶ್ರವಣ ಸಾಧನದ ಮೇಲೆಯೇ ಬರೆದಿದ್ದಾರೆ ಎನ್ನೋಣ. ಒಬ್ಬರ ಆರಂಭ ಹೀಗಿದೆ:

"ಕಿವಿ ಮನುಷ್ಯನ ಪಂಚೇಂದ್ರಿಯಗಳಲ್ಲಿ ಒಂದು. ಇಂದಿನ ಧಾವಂತದ ಬದುಕಿನಲ್ಲಿ ಶಬ್ದ ಮಾಲಿನ್ಯ ದಿನೇ ದಿನೇ ಹೆಚ್ಚುತ್ತಿದ್ದು, ಶ್ರವಣ ದೋಷವು ಒಂದು ಗಂಭೀರ ಸಮಸ್ಯೆಯಾಗಿ ಪರಿಣಮಿಸಿದೆ."

ಇನ್ನೊಬ್ಬರದು ಹೀಗೆ:

"ಸಾಧನ ಹಾಕಿಕೊಂಡ ದಿನ ಆ ನಿವೃತ್ತ ಶಿಕ್ಷಕಿಗೆ ಮೊಮ್ಮಗಳ ಮಾತಿಗಿಂತ ಮೊದಲು ಕೇಳಿಸಿದ್ದು ತಮ್ಮದೇ ಚಪ್ಪಲಿಯ ಸದ್ದು. ಫ್ಯಾನಿನ ಗರಗರ, ಕಾಗದ ಮಡಚಿದ ಸಪ್ಪಳ, ಪಾತ್ರೆ ಇಟ್ಟ ಶಬ್ದ ಎಲ್ಲವೂ ಒಂದೇ ಜೋರಿನಲ್ಲಿ ಕಿವಿಗೆ ಬಡಿದವು. ಮೂರನೇ ದಿನ ಅದನ್ನು ತೆಗೆದು ಡಬ್ಬಿಯಲ್ಲಿಟ್ಟರು. ಮೆದುಳು ಹೊಸ ಸದ್ದುಗಳಿಗೆ ಒಗ್ಗಿಕೊಳ್ಳಲು ಕೆಲವು ವಾರಗಳೇ ಬೇಕಾಗಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ."

ಮೊದಲನೆಯದರಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಆದರೆ ಅದನ್ನು ಬರೆಯಲು ಯಾರನ್ನೂ ಮಾತನಾಡಿಸುವ ಅಗತ್ಯವಿಲ್ಲ, ಯಾರು ಬರೆದರೂ ಹಾಗೆಯೇ ಇರುತ್ತದೆ. ಎರಡನೆಯದರ ನಾಲ್ಕು ವಾಕ್ಯದೊಳಗೆ ಒಬ್ಬ ವ್ಯಕ್ತಿ, ಒಂದು ತೊಂದರೆ, ಅದರ ಕಾರಣ, ಮುಂದೆ ಲೇಖನ ಯಾವ ಕಡೆ ಹೋಗುತ್ತದೆ ಎಂಬ ಸೂಚನೆ ಎಲ್ಲ ಬಂದುಬಿಟ್ಟಿವೆ. ಈ ಬರಹಗಾರರು ಕೇಳಬೇಕಾದ ಪ್ರಶ್ನೆ ಕೇಳಿ ಬಂದಿದ್ದಾರೆ ಎಂದು ಸಂಪಾದಕರಿಗೆ ತಿಳಿಯುತ್ತದೆ.

ನಿಮ್ಮ ಎರಡು ಬರಹಗಳು ಎಲ್ಲದರಲ್ಲೂ ಸರಿಸಮ ಎನಿಸಿದಾಗ, ಆರಂಭ ಗಟ್ಟಿಯಾಗಿರುವುದನ್ನು ಆರಿಸಿ. ಪ್ರಕಟವಾದ ಬರಹದ ಆರಂಭ ಸಪ್ಪೆ ಎಂದು ಈಗ ಅನಿಸಿದರೆ ಅದನ್ನು ತಿದ್ದಿ, ಪ್ರಕಟವಾದದ್ದೇ ಇದು ಎಂದು ಕಳಿಸುವುದು ಸರಿಯಲ್ಲ. ತಿದ್ದಿದ ಪ್ರತಿಯೇ ಚೆನ್ನಾಗಿದೆ ಎನ್ನಿಸಿದರೆ "ಪ್ರಕಟಣೆಯ ನಂತರ ಪರಿಷ್ಕರಿಸಿದ್ದು" ಎಂದು ಸ್ಪಷ್ಟವಾಗಿ ಬರೆಯಿರಿ.

ಯಾರ ಬರಹ ಎಂಬ ಪ್ರಶ್ನೆ

ಪ್ರಕಟವಾದ ಲೇಖನದಲ್ಲಿ ಡೆಸ್ಕಿನವರ ಕೈ ಇದ್ದೇ ಇರುತ್ತದೆ, ಅದು ಸಂಪಾದಕರಿಗೂ ಗೊತ್ತು. ಸಾಮಾನ್ಯ ತಿದ್ದುಪಡಿಯ ಬಗ್ಗೆ ಏನೂ ಹೇಳಬೇಕಾಗಿಲ್ಲ. ಆದರೆ ನಿಮ್ಮ ಕಾಪಿಯನ್ನು ಇನ್ನೊಬ್ಬರು ಪೂರ್ತಿ ಒಡೆದು ಕಟ್ಟಿದ್ದರೆ ಆ ಲೇಖನವನ್ನು ಮಾದರಿಯಾಗಿ ಕಳಿಸುವುದು ಬೇಡ. ಕೆಲಸ ಸಿಕ್ಕಿ, ಮೊದಲ ಕಾಪಿ ಹೋದ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ. ಎರಡನೇ ಕೆಲಸ ಬರುವುದಿಲ್ಲ.

ಇಬ್ಬರು ಸೇರಿ ಬರೆದದ್ದಾದರೆ ನಿಮ್ಮ ಪಾಲು ಯಾವುದು ಎಂದು ತಿಳಿಸಿ. ಬೇರೆಯವರ ಹೆಸರಿನಲ್ಲಿ ನೀವು ಬರೆದುಕೊಟ್ಟ ಬರಹಗಳ ವಿಷಯದಲ್ಲಿ ಜಾಗ್ರತೆ ಬೇಕು: ಗೋಪ್ಯತೆಯ ಒಪ್ಪಂದ ಇದ್ದರೆ ತೋರಿಸುವ ಹಾಗಿಲ್ಲ, ಒಪ್ಪಂದ ಇಲ್ಲದಿದ್ದರೂ ಕೇಳದೆ ತೋರಿಸುವುದು ನಂಬಿಕೆ ಮುರಿದಂತೆ. ಕಚೇರಿ ಕೆಲಸದ ಭಾಗವಾಗಿ ಬರೆದ, ಹೊರಗೆ ಬಾರದ ದಾಖಲೆಗಳಿಗೂ ಇದೇ ಮಾತು. ಅನುವಾದವನ್ನು ಸ್ವಂತ ಲೇಖನದ ಮಾದರಿಯಾಗಿ ಕೊಡಬಾರದು. ಅನುವಾದಕರು ಬೇಕು ಎಂದಿದ್ದರೆ ಮಾತ್ರ, ಮೂಲದ ಒಂದೆರಡು ಪುಟದ ಜತೆ ಕಳಿಸಿ. ನಿಮ್ಮ ಒಳ್ಳೆಯ ಲೇಖನ ಬೇರೆ ಭಾಷೆಯಲ್ಲಿದ್ದು, ಆ ಸಂಪಾದಕರಿಗೆ ಆ ಭಾಷೆ ಬಾರದಿದ್ದರೆ ನೀವೇ ಅನುವಾದ ಮಾಡಿ "ಲೇಖಕರದೇ ಅನುವಾದ" ಎಂದು ಬರೆಯಬಹುದು.

ಎಐ ಸಾಧನದಿಂದ ಬರೆಸಿದ್ದನ್ನು ಮಾದರಿಯಾಗಿ ಕಳಿಸಬಾರದು. ನಿಮ್ಮ ಕೈಯ ಗುಣ ನೋಡಲೆಂದೇ ಮಾದರಿ ಕೇಳುತ್ತಾರೆ. ಬಳಕೆಯ ಬಗ್ಗೆ ಪ್ರಕಟಣೆಯಲ್ಲಿ ನಿಯಮ ಹೇಳಿದ್ದರೆ ಅದನ್ನು ಅಕ್ಷರಶಃ ಪಾಲಿಸಿ.

ಹಳೆಯ ಬರಹಗಳು? ಕಳೆದ ಎರಡು ಮೂರು ವರ್ಷದೊಳಗಿನದ್ದು ಉತ್ತಮ. ಅದಕ್ಕಿಂತ ಹಳೆಯದು ವಿಷಯಕ್ಕೆ ಅಷ್ಟೊಂದು ಹೊಂದುತ್ತಿದ್ದರೆ ಒಂದನ್ನು ಇಟ್ಟು, ಜತೆಗೆ ಹೊಸದೊಂದನ್ನು ಸೇರಿಸಿ.

ಪ್ರಕಟವಾದದ್ದು ಏನೂ ಇಲ್ಲದಿದ್ದರೆ

ಇಲ್ಲಿ ಎದೆಗುಂದುವವರು ಬಹಳ. ಪ್ರಕಟವಾದದ್ದೇ ಬೇಕು ಎಂಬ ಷರತ್ತು ಇಲ್ಲದಿದ್ದರೆ ಅಚ್ಚಾಗದ ಬರಹವೂ ಮಾದರಿಯೇ. ಕಾಲೇಜಿನ ಪ್ರಬಂಧವನ್ನೋ, ಡೈರಿಯ ಪುಟವನ್ನೋ ತಿದ್ದಲು ಹೋಗುವ ಬದಲು ಆ ಮ್ಯಾಗಜಿನ್‌ಗಾಗಿಯೇ ಒಂದು ಲೇಖನ ಬರೆಯಿರಿ. ಮೇಲೆ ಹೇಳಿದಂತೆ ಬಿಚ್ಚಿ ನೋಡಿದ ಎರಡು ಲೇಖನಗಳ ಅಳತೆಯನ್ನೇ ಹಿಡಿದುಕೊಳ್ಳಿ. ಅವರು ಇತ್ತೀಚೆಗೆ ಹಾಕಿರದ ಒಂದು ಸಣ್ಣ ವಿಷಯ ಹುಡುಕಿ. 'ನಿದ್ರೆಯ ಮಹತ್ವ' ಎನ್ನುವುದು ಒಂದು ಲೇಖನಕ್ಕೆ ತೀರಾ ಅಗಲ. 'ರಾತ್ರಿ ಪಾಳಿಯ ನರ್ಸ್‌ಗಳು ಹಗಲು ಹೇಗೆ ನಿದ್ದೆ ಮಾಡುತ್ತಾರೆ' ಎನ್ನುವುದು 1,200 ಪದಕ್ಕೆ ಸರಿಯಾಗಿ ಕೂರುತ್ತದೆ. ಇಬ್ಬರು ನರ್ಸ್‌ಗಳನ್ನು, ನಿದ್ರೆಯ ಸಮಸ್ಯೆ ನೋಡುವ ಒಬ್ಬ ವೈದ್ಯರನ್ನು ಮಾತನಾಡಿಸಿ. ಯಾರ ಜತೆ ಯಾವತ್ತು ಮಾತನಾಡಿದಿರಿ, ಯಾವ ಅಂಕಿ ಎಲ್ಲಿಂದ ಬಂತು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಕೇಳಿದರೆ ಕೊಡಲು. ಮಾತನಾಡಿಸುವಾಗ "ಇದು ಮಾದರಿಗಾಗಿ ಬರೆಯುತ್ತಿರುವ ಲೇಖನ, ಪ್ರಕಟವಾಗುವುದು ಖಚಿತವಿಲ್ಲ" ಎಂದು ಅವರಿಗೆ ಮೊದಲೇ ಹೇಳಿ.

ಬರೆದ ಮೇಲೆ ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಿ. ನಾಲಿಗೆ ತೊಡರುವ ಕಡೆ ವಾಕ್ಯ ಒಡೆಯಿರಿ. ಕಾಗುಣಿತವನ್ನು ಇನ್ನೊಬ್ಬರಿಂದ ನೋಡಿಸಿ. ಪ್ರಕಟವಾಗದ ಮಾದರಿಯಲ್ಲಿ ಅಕ್ಷರ ದೋಷ ಉಳಿದಿದ್ದರೆ ಆ ಹೊಣೆ ಪೂರ್ತಿ ನಿಮ್ಮ ಮೇಲೇ ಬರುತ್ತದೆ.

ಕಳಿಸುವ ಮುನ್ನ

ಪ್ರಕಟಣೆಯಲ್ಲಿ ಬೇರೆ ರೀತಿ ಹೇಳದಿದ್ದರೆ ಪಿಡಿಎಫ್ ಮತ್ತು ಲಿಂಕ್ ಎರಡನ್ನೂ ಕೊಡಿ. ಲಿಂಕ್ ಮಾತ್ರ ನಂಬಿದರೆ ಕಷ್ಟ: ಪತ್ರಿಕೆಯ ಜಾಲತಾಣ ಬದಲಾದಾಗ ಹಳೆಯ ಪುಟಗಳು ಮಾಯವಾಗುತ್ತವೆ, ಚಂದಾದಾರರಿಗೆ ಮಾತ್ರ ತೆರೆಯುವ ಪುಟ ಸಂಪಾದಕರಿಗೆ ತೆರೆಯುವುದಿಲ್ಲ. ಮಾಯವಾದ ಪುಟ ಕೆಲವೊಮ್ಮೆ ಇಂಟರ್ನೆಟ್ ಆರ್ಕೈವ್ ಸಂಸ್ಥೆ ಹಳೆಯ ಜಾಲಪುಟಗಳನ್ನು ಕಾಪಾಡಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿದಿರುತ್ತದೆ, ಹಳೆಯ ವಿಳಾಸ ಹಾಕಿ ಹುಡುಕಿ. ಗೂಗಲ್ ಡಾಕ್ಸ್ ಲಿಂಕ್ ಕೊಡುವುದಾದರೆ, ಲಿಂಕ್ ಇರುವ ಯಾರಾದರೂ ಓದಬಹುದು ಎಂಬ ಅನುಮತಿ ಹಾಕಿ, ನಿಮ್ಮ ಖಾತೆಯಿಂದ ಹೊರಬಂದು ತೆರೆದು ನೋಡಿ. ಅನುಮತಿ ಕೇಳುವ ಪರದೆ ಕಂಡರೆ ಸಂಪಾದಕರು ಮುಂದಿನ ಅರ್ಜಿಗೆ ಹೋಗುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರ. 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ರೀತಿಯಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ, ಪರಿವರ್ತನೆಯಲ್ಲಿ ಕೆಡುವುದು ಹೆಚ್ಚಾಗಿ ಅವೇ. ನಂತರ ಪಿಡಿಎಫ್ ಮಾಡಿ ಮೊಬೈಲಿನಲ್ಲೂ ತೆರೆದು ನೋಡಿ. ಅಚ್ಚಾದ ಪುಟದ ಕಟಿಂಗ್ ಮಾತ್ರ ಇದ್ದರೆ ನೇರವಾಗಿ, ನೆರಳು ಬೀಳದಂತೆ ಸ್ಕ್ಯಾನ್ ಮಾಡಿ. ಅಕ್ಷರ ಚಿಕ್ಕದಾಗಿದ್ದರೆ ಅದೇ ಪಠ್ಯವನ್ನು ಟೈಪ್ ಮಾಡಿ ಜತೆಗಿಡಿ.

ಫೈಲಿಗೆ ನಿಮ್ಮ ಹೆಸರು ಮತ್ತು ಲೇಖನದ ಹೆಸರು ಎರಡೂ ಇರಲಿ. 'ಸ್ಯಾಂಪಲ್ ಫೈನಲ್ 2' ಎಂಬ ಫೈಲು ಸಂಪಾದಕರ ಕಂಪ್ಯೂಟರಿಗೆ ಇಳಿದ ಮೇಲೆ ಯಾರದ್ದೆಂದು ತಿಳಿಯುವುದಿಲ್ಲ.

ಪ್ರತಿ ಮಾದರಿಗೂ ಎರಡು ಮೂರು ಸಾಲಿನ ಟಿಪ್ಪಣಿ ಬರೆಯಿರಿ. ಇಷ್ಟಿದ್ದರೆ ಸಾಕು:

"ಕಿವಿಗೆ ಒಗ್ಗದ ಸದ್ದು. ಶ್ರವಣ ಸಾಧನ ಬಳಸುವವರ ಮೊದಲ ವಾರಗಳ ಕುರಿತ ವರದಿ, 1,100 ಪದ. ಒಬ್ಬ ಆಡಿಯಾಲಜಿಸ್ಟ್, ಇಬ್ಬರು ಬಳಕೆದಾರರನ್ನು ಮಾತನಾಡಿಸಿ ಬರೆದದ್ದು. ವಿಷಯದ ಆಯ್ಕೆ ನನ್ನದು, ಶೀರ್ಷಿಕೆ ಪತ್ರಿಕೆಯದು. ನಿಮ್ಮ ಮಧ್ಯಪುಟಗಳ ಆರೋಗ್ಯ ವರದಿಗಳ ಉದ್ದಕ್ಕೆ ಹತ್ತಿರವಾಗಿರುವುದರಿಂದ ಇದನ್ನು ಮೊದಲು ಇಟ್ಟಿದ್ದೇನೆ."

ಕೊನೆಯ ವಾಕ್ಯವನ್ನು ಬಿಡಬೇಡಿ. ನೀವು ಅವರ ಸಂಚಿಕೆ ಓದಿದ್ದೀರಿ ಎಂಬುದಕ್ಕೆ ಅದು ಸಾಕ್ಷಿ. ಲೇಖನ ಎಷ್ಟು ಚೆನ್ನಾಗಿದೆ ಎಂದು ನೀವೇ ಹೇಳಿಕೊಳ್ಳಲು ಮಾತ್ರ ಹೋಗಬೇಡಿ.

ಆಮೇಲೆ

ಮಾದರಿ ಹಿಡಿಸಿದರೆ ಕೆಲವರು ಪರೀಕ್ಷಾ ಲೇಖನ ಬರೆಯಲು ಹೇಳುತ್ತಾರೆ. ಒಪ್ಪುವ ಮುನ್ನ ಎರಡು ವಿಷಯ ವಿನಯದಿಂದಲೇ ಕೇಳಿ: ಸಂಭಾವನೆ ಇದೆಯೇ, ಆಯ್ಕೆ ಆಗದಿದ್ದರೆ ಲೇಖನ ಯಾರದ್ದು? ಒಂದೆರಡು ಪ್ಯಾರಾದ ಅಭ್ಯಾಸ ಬೇರೆ. ಪೂರ್ಣ ಲೇಖನವನ್ನು ಪುಕ್ಕಟೆ ಬರೆಸಿ ಪ್ರಕಟಿಸುವುದು ನ್ಯಾಯವಲ್ಲ, ಸಂಭಾವನೆ ಕೇಳುವ ಹಕ್ಕು ಹೊಸಬರಿಗೂ ಇದೆ.

ಯಾರಿಗೆ ಯಾವ ಬರಹ ಕಳಿಸಿದಿರಿ ಎಂಬುದನ್ನು ದಿನಾಂಕದ ಸಮೇತ ಬರೆದಿಡಿ. ಪ್ರಕಟವಾಗದ ಮಾದರಿಯನ್ನು ಬೇರೊಬ್ಬರು ಪ್ರಕಟಣೆಗೆ ಕೇಳಿದಾಗ ಈ ದಾಖಲೆ ಬೇಕಾಗುತ್ತದೆ. ಎರಡು ಮೂರು ವಾರ ಕಳೆದರೂ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಬರೆಯಿರಿ. ಆ ನಡುವೆ ನಿಮ್ಮ ಹೊಸ ಲೇಖನವೊಂದು ಪ್ರಕಟವಾಗಿ, ಅದು ಮೊದಲು ಕಳಿಸಿದ್ದಕ್ಕಿಂತ ಅವರ ಪುಟಗಳಿಗೆ ಹತ್ತಿರವಾಗಿದ್ದರೆ ಅದರ ಲಿಂಕನ್ನು ಅಲ್ಲೇ ಸೇರಿಸಬಹುದು. ಇಲ್ಲದಿದ್ದರೆ ನೆನಪೋಲೆಯ ಜತೆ ಬೇರೇನನ್ನೂ ಲಗತ್ತಿಸಬೇಡಿ.